ಮೊಬೈಲಿನೊಳಗಿನ ಎತ್ತಿನ ಸಂತೆ

ನಿಷತ ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಬೆನ್ನು ಆನಿಸಿ ಕುಳಿತದ್ದನ್ನು ನಾನು ಈ ಎರಡು ವರ್ಷಗಳಲ್ಲಿ ನೋಡಿಲ್ಲ. ಅಂಚಿನಲ್ಲಿ ಕುಳಿತಿರುತ್ತಾರೆ, ಬಸ್ಸು ಈಗ ಬಂದೇ ಬಿಟ್ಟಿತು ಎನ್ನುವವರ ಹಾಗೆ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಚಹಾದ ಕಪ್ಪು. ಕಪ್ಪು ಅರ್ಧ ಆಗುವಷ್ಟರಲ್ಲಿ ಎದ್ದು ಕಿಟಕಿಯ ಹತ್ತಿರ ಹೋಗಿರುತ್ತಾರೆ, ಅಲ್ಲಿಂದ ಬಾಗಿಲಿಗೆ, ಬಾಗಿಲಿಂದ ಮತ್ತೆ ಕಿಟಕಿಗೆ. ನಮ್ಮ ಸ್ಟಾಫ್ ರೂಮು ಹನ್ನೆರಡು ಹೆಜ್ಜೆ ಉದ್ದವಿದೆ. ಅದನ್ನು ಆಕೆ ದಿನಕ್ಕೆ ಎಷ್ಟು ಸಲ ಅಳೆಯುತ್ತಾರೋ ಲೆಕ್ಕವಿಲ್ಲ, ನೋಡಿ ನೋಡಿ ನನಗೇ ತಲೆ ತಿರುಗುತ್ತದೆ. ನಾನು ಖಲೀಲ, ಇತಿಹಾಸ ಹೇಳುವವನು. ನನ್ನ ಪಾಠದೊಳಗಿನ ಮಂದಿಯೆಲ್ಲ ಎಂದೋ ಸತ್ತುಹೋಗಿದ್ದಾರೆ, ಯಾರಿಗೂ ಅವಸರವಿಲ್ಲ. ಆಕೆ ಅರ್ಥಶಾಸ್ತ್ರ ಹೇಳುವವರು. ಇಬ್ಬರೂ ಮುದ್ದೇಬಿಹಾಳದ ಒಂದು ಖಾಸಗಿ ಸಂಸ್ಥೆಯ ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು. ಅತಿಥಿ ಎಂಬ ಹೆಸರು ಇಟ್ಟವನು ಯಾರೋ ಗೊತ್ತಿಲ್ಲ. ಅತಿಥಿಗೆ ಮನೆಯವರು ಇನ್ನೆರಡು ದಿನ ಇರಿ ಎನ್ನುತ್ತಾರೆ. ನಮಗೆ ಪ್ರತಿ ಏಪ್ರಿಲ್‌ನಲ್ಲಿ ಹೋಗಿ ಎನ್ನುತ್ತಾರೆ.

ನಿಷತ ಮೇಡಂ ಹುಟ್ಟಿದ್ದು ತಾಳಿಕೋಟೆಯಲ್ಲಿ. ತಂದೆ ದಸ್ತಗೀರಸಾಬರು ದರ್ಜಿ, ಈಗಿಲ್ಲ. ಎಂ.ಎ. ಮುಗಿಸಿದ ಮೇಲೆ ಇಂಡಿಯಲ್ಲಿ ಎರಡು ವರ್ಷ, ಸಿಂದಗಿಯಲ್ಲಿ ಮೂರು, ಬಸವನ ಬಾಗೇವಾಡಿಯಲ್ಲಿ ಎರಡು, ಈಗ ಇಲ್ಲಿ ಎರಡು. ಹೋದಲ್ಲೆಲ್ಲ ಬಾಡಿಗೆ ಮನೆ, ಜೊತೆಗೆ ತಾಯಿ ರೋಷನಬಿ. ಆ ತಾಯಿ ಒಂದು ದೊಡ್ಡ ಟ್ರಂಕನ್ನು ಒಂಬತ್ತು ವರ್ಷದಿಂದ ತೆರೆದೇ ಇಲ್ಲವಂತೆ. "ತಗದು ಹೊಂದಿಸೂದ್ರಾಗ ಏಪ್ರಿಲ್ ಬರತೈತಿ, ಮತ್ತ ಕಟ್ಟಬೇಕು," ಎಂದು ನನ್ನ ಮುಂದೆಯೇ ಹೇಳಿದ್ದರು. ಮಗಳು ನಕ್ಕಿದ್ದರು. ಆ ನಗು ನನಗೆ ಹಿಡಿಸಲಿಲ್ಲ. ನಗುವ ವಿಷಯವೇ ಅಲ್ಲ ಅದು.

ಈ ಮೊಬೈಲ್ ಆಟಗಳ ಹುಚ್ಚು ಹಿಡಿದದ್ದು ಸಿಂದಗಿಯಲ್ಲಿ, ಕೊರೋನಾ ಕಾಲದಲ್ಲಿ. ಕಾಲೇಜು ಬಂದ್ ಆಗಿ ಪಾಠವೆಲ್ಲ ಫೋನಿನಲ್ಲಿ. ಮೇಡಂ ಬೇಡಿಕೆಯ ರೇಖೆ ಎಳೆದು ವಿವರಿಸುತ್ತಿದ್ದರೆ ಪರದೆಯ ಮೇಲೆ ಮುಖಗಳಿಲ್ಲ, ಬರೀ ಹೆಸರುಗಳು. ಒಬ್ಬನ ಫೋನಿನಿಂದ ಎಮ್ಮೆ ಒದರುವ ಸದ್ದು. ಮತ್ತೊಬ್ಬಳ ಫೋನಿನಿಂದ ತಾಯಿಯ ಬೈಗುಳ. ಒಂದು ದಿನ ಆಕೆ ಮಾತು ನಿಲ್ಲಿಸಿ ಸುಮ್ಮನೆ ಕುಳಿತರಂತೆ. ಹತ್ತು ನಿಮಿಷವಾದರೂ ಯಾರೂ ಯಾಕೆ ನಿಲ್ಲಿಸಿದಿರಿ ಎಂದು ಕೇಳಲಿಲ್ಲವಂತೆ. ಆವತ್ತು ಸಿಟ್ಟಿಗೆದ್ದು ಇಂಟರ್‌ನೆಟ್ಟನ್ನೆಲ್ಲ ಜಾಲಾಡಿ, ಪರದೇಶದ ಯಾರೋ ಮೇಷ್ಟರು ಪುಕ್ಕಟೆ ಹಾಕಿಟ್ಟಿದ್ದ ಅರ್ಥಶಾಸ್ತ್ರದ ಆಟಗಳನ್ನು ಹುಡುಕಿ ತೆಗೆದರು. ವಿದ್ಯಾರ್ಥಿಗಳು ತಮ್ಮ ತಮ್ಮ ಮೊಬೈಲಿನಲ್ಲಿ ಆಡಬೇಕು, ಆಡಿದ್ದೆಲ್ಲ ಮೇಷ್ಟರ ಪರದೆಯ ಮೇಲೆ ಗೆರೆಯಾಗಿ, ಚುಕ್ಕಿಯಾಗಿ ಮೂಡಬೇಕು. ಸೂಚನೆಗಳನ್ನೆಲ್ಲ ಆಕೆ ಕನ್ನಡಕ್ಕೆ ಇಳಿಸಿಕೊಂಡರು.

ಬಾಗೇವಾಡಿಯಲ್ಲಿ ಕೆರೆಯ ಮೀನಿನ ಆಟ ಆಡಿಸಿದರು. ಎಲ್ಲರಿಗೂ ಒಂದೇ ಕೆರೆ. ಅಳತೆ ಮೀರದೆ ಹಿಡಿದರೆ ಹತ್ತು ಸುತ್ತು ಮೀನು ಸಿಗುತ್ತವೆ. ಮಸೂತಿ ಎಂಬ ಹಳ್ಳಿಯಿಂದ ಬರುವ ಒಬ್ಬ ಹುಡುಗಿ ಮೊದಲ ಸುತ್ತಿನಲ್ಲೇ ಕೆರೆ ಖಾಲಿ ಮಾಡಿ ಕುಳಿತಳು. ಹಾಗೇಕೆ ಮಾಡಿದಿ ಎಂದರೆ, "ನಾ ಬಿಟ್ರ ಇವ್ರು ಬಿಡ್ತಾರೇನ್ರಿ?" ಎಂದು ಇಡೀ ಕ್ಲಾಸಿನ ಕಡೆ ಬೊಟ್ಟು ಮಾಡಿದಳಂತೆ. ನಿಷತ ಮೇಡಂ ಇದನ್ನು ನನಗೆ ನಾಲ್ಕು ಸಲ ಹೇಳಿದ್ದಾರೆ. ಪ್ರತಿ ಸಲವೂ ಕಣ್ಣು ಅಷ್ಟೇ ಹೊಳೆಯುತ್ತವೆ. "ಪುಸ್ತಕದಾಗ ಮೂರು ಪುಟ ಐತಿ ಸರ್ ಇದು. ಆಕಿ ಒಂದs ಮಾತಿನ್ಯಾಗ ಮುಗಿಸಿದ್ಲು."

"ಪರೀಕ್ಷಾದಾಗ ಮೂರು ಪುಟ ಬರೀಬೇಕಲ್ರಿ?" ಎಂದು ನಾನು ಚುಚ್ಚಿದ್ದೆ. ಆಕೆ ಅಷ್ಟು ಹೊತ್ತಿಗೆ ಕಿಟಕಿಯ ಹತ್ತಿರ ಹೋಗಿಯಾಗಿತ್ತು.

ಈ ವರ್ಷ ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ಒಂದು ಕಾಯಂ ಹುದ್ದೆ ಮಾಡುವುದಾಗಿ ಸಂಸ್ಥೆ ತೀರ್ಮಾನಿಸಿತು. ಸಂಸ್ಥೆಯ ನಿಯಮದ ಪ್ರಕಾರ ನಲವತ್ತು ದಾಟಿದವರಿಗೆ ಕಾಯಂ ಇಲ್ಲ. ನಿಷತ ಮೇಡಂಗೆ ನಲವತ್ತು ತುಂಬಲು ಎಂಟು ತಿಂಗಳಿದ್ದವು. ಈ ಹುದ್ದೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಜೀವನವಿಡೀ ಊರಿಂದೂರಿಗೆ ಅತಿಥಿ. ಅದಾದ ಮೇಲೆ ಆಕೆಯ ಓಡಾಟ ಇಮ್ಮಡಿಯಾಯಿತು. ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿಡುತ್ತಿದ್ದರು.

ನಿರ್ಧಾರ ಸಂಸ್ಥೆಯ ಕಾರ್ಯದರ್ಶಿ ಪ್ರಹ್ಲಾದರಾಯರ ಕೈಯಲ್ಲಿತ್ತು. ಅವರ ಬಗ್ಗೆ ಕೆಟ್ಟ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಹೊಲಮನೆ ಇದ್ದವರು, ಮೂವತ್ತು ವರ್ಷ ತಾವೇ ಅರ್ಥಶಾಸ್ತ್ರ ಹೇಳಿದವರು, ಎತ್ತುಗಳೆಂದರೆ ಪ್ರಾಣ. ನಮ್ಮೆಲ್ಲರ ಮನೆಯವರ ಕಾಯಿಲೆ ಕಸಾಲೆ ನೆನಪಿಟ್ಟು ಕೇಳುತ್ತಾರೆ. ಹೆಂಡತಿ ತುಳಸೀಬಾಯಿ ಬೇಸಿಗೆಯಲ್ಲಿ ಸ್ಟಾಫಿಗೆಲ್ಲ ಉಪ್ಪಿನಕಾಯಿ ಕಳಿಸುತ್ತಾರೆ. ಆದರೆ ಪ್ರತಿ ಜೂನ್‌ನಲ್ಲಿ ಅವರದೊಂದು ಪದ್ಧತಿ ಇದೆ. ನಮ್ಮನ್ನು ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಚಹಾ ತರಿಸಿ, ಒಂದು ಸಣ್ಣ ಚೀಟಿಯ ಮೇಲೆ ಆ ವರ್ಷದ ಪಗಾರ ಬರೆದು ನಮ್ಮ ಕಡೆ ತಿರುಗಿಸುತ್ತಾರೆ. ನಾವು ಓದಿ ತಲೆಯಾಡಿಸಬೇಕು. ಆಮೇಲೆ ಚೀಟಿ ಹರಿದು, "ಇದು ನಮ್ಮಿಬ್ಬರ ನಡುವ ಇರ್ಲಿ," ಎನ್ನುತ್ತಾರೆ. ಆ ಮಾತಿನಲ್ಲಿ ಎಂಥ ಸಲಿಗೆ ಇರುತ್ತದೆಂದರೆ, ಹೊರಗೆ ಬಂದವನು ತನ್ನನ್ನು ಬಿಟ್ಟು ಇನ್ನಾರಿಗೂ ಇಷ್ಟು ಕೊಟ್ಟಿಲ್ಲ ಎಂದೇ ತಿಳಿಯುತ್ತಾನೆ.

ನನ್ನ ಚೀಟಿಯ ಮೇಲೆ ಹದಿನಾರು ಸಾವಿರ ಇತ್ತು. ನಿಷತ ಮೇಡಂದು ಹನ್ನೊಂದು ಸಾವಿರ ಎಂದು ಗುಮಾಸ್ತ ಬಾಬುಲಾಲ ಒಮ್ಮೆ ಬಾಯಿ ಜಾರಿ ಹೇಳಿದ್ದ. ಕಾಯಂ ಆದವರಿಗೆ ಇಪ್ಪತ್ತೆಂಟರಿಂದ ಶುರು ಎಂದೂ ಹೇಳಿದ್ದ. ವಾರಕ್ಕೆ ಆಕೆಯ ತಾಸುಗಳು ನನಗಿಂತ ನಾಲ್ಕು ಜಾಸ್ತಿ. ನಾನು ಹೆಂಡತಿ ಮಕ್ಕಳಿರುವವನು, ಅದಕ್ಕೇ ಇರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೆ. ಆಕೆಗೂ ತಾಯಿ ಇದ್ದಾರೆ ಎಂಬುದನ್ನು ಆ ಲೆಕ್ಕದಲ್ಲಿ ಸೇರಿಸಿರಲಿಲ್ಲ. ಹೋದ ವರ್ಷ ಒಮ್ಮೆ ಆಕೆಯೇ ನೇರವಾಗಿ ನಿಮಗೆಷ್ಟು ಎಂದು ಕೇಳಿದಾಗ, "ಅದೆಲ್ಲಾ ಯಾಕ್ರಿ ಮೇಡಂ, ನಡದೈತಿ ಹೊಟ್ಟಿಪಾಡು," ಎಂದು ಜಾರಿಕೊಂಡಿದ್ದೆ.

ಪ್ರಹ್ಲಾದರಾಯರು ಒಂದು ಪಾಠ ಕುಳಿತು ನೋಡಿ ಹುದ್ದೆಯ ಬಗ್ಗೆ ತೀರ್ಮಾನಿಸುವುದೆಂದಾಯಿತು. ನಿಷತ ಮೇಡಂ ಮಾರುಕಟ್ಟೆಯ ಆಟ ಆರಿಸಿಕೊಂಡರು. ಕ್ಲಾಸಿನ ನಲವತ್ತು ಮಕ್ಕಳಲ್ಲಿ ಅರ್ಧ ಮಂದಿ ಮಾರುವವರು, ಅರ್ಧ ಮಂದಿ ಕೊಳ್ಳುವವರು. ಇಷ್ಟಕ್ಕಿಂತ ಕಡಿಮೆಗೆ ಮಾರಬೇಡ ಎಂದು ಮಾರುವವನ ಮೊಬೈಲು ಹೇಳುತ್ತದೆ. ಇಷ್ಟಕ್ಕಿಂತ ಹೆಚ್ಚು ಕೊಡಬೇಡ ಎಂದು ಕೊಳ್ಳುವವನ ಮೊಬೈಲು ಹೇಳುತ್ತದೆ. ಕೇಳುವ ಬೆಲೆ, ಕೊಡುವ ಬೆಲೆ ಎಲ್ಲವೂ ಗೋಡೆಯ ದೊಡ್ಡ ಪರದೆಯ ಮೇಲೆ ಬರುತ್ತವೆ. ಒಪ್ಪಿದವರು ಗುಂಡಿ ಒತ್ತಿದರೆ ವ್ಯಾಪಾರ ಮುಗಿಯಿತು. ಯಾರೂ ಹೇಳಿಕೊಡದಿದ್ದರೂ ಎರಡು ಮೂರು ಸುತ್ತಿನಲ್ಲಿ ಎಲ್ಲ ವ್ಯಾಪಾರ ಒಂದೇ ಬೆಲೆಯ ಸುತ್ತ ಬಂದು ನಿಲ್ಲಬೇಕು. ಪುಸ್ತಕ ಹೇಳುವುದು ಅದನ್ನೇ.

ಹಿಂದಿನ ವಾರ ತೊಗರಿಯ ಹೆಸರಿನಲ್ಲಿ ತಾಲೀಮು ನಡೆಸಿದರು. ನಾನು ಪಕ್ಕದ ಕೋಣೆಯಲ್ಲಿ ಪಾಠ ಹೇಳುತ್ತಿದ್ದೆ. ಆ ಗದ್ದಲಕ್ಕೆ ಮಾರ್ಕೆಟ್ ಯಾರ್ಡೇ ಕಾಲೇಜಿನೊಳಗೆ ಬಂದಂತಾಗಿತ್ತು. ಬೈಯಲೆಂದೇ ಹೋದೆ. ಪರದೆಯ ಮೇಲೆ ಚುಕ್ಕಿಗಳು ಮೊದಲು ಚೆಲ್ಲಾಪಿಲ್ಲಿ ಬಿದ್ದು, ಆಮೇಲೆ ಒಂದೊಂದಾಗಿ ಐವತ್ತರ ಗೆರೆಯ ಮೇಲೆ ಸಾಲಾಗಿ ನಿಂತವು. ಬೈಯುವುದನ್ನು ಮರೆತು ನೋಡುತ್ತ ನಿಂತೆ. ಖರೆ ಹೇಳುತ್ತೇನೆ, ಚೆಂದವಿತ್ತು.

ಪಾಠದ ದಿನ ಬೆಳಗ್ಗೆ ಆಕೆಗೆ ಇನ್ನೊಂದು ಉಪಾಯ ಹೊಳೆಯಿತು. ಪ್ರಹ್ಲಾದರಾಯರಿಗೆ ಎತ್ತುಗಳು ಪ್ರೀತಿ. ತೊಗರಿ ತೆಗೆದು ಎತ್ತು ಹಾಕಿದರೆ ಅವರಿಗೂ ಖುಷಿ. ಆಟದೊಳಗಿನ ಹೆಸರು ಬದಲಿಸಿ, ಒಂದು ಬಿಳೀ ಎತ್ತಿನ ಚಿತ್ರವನ್ನೂ ಹಾಕಿದರು. ಬೆಲೆಗಳೆಲ್ಲ ಸಾವಿರಗಳಲ್ಲಿ. "ಬರೀ ಹೆಸರಷ್ಟs ಸರ್ ಬದಲಿ, ಲೆಕ್ಕ ಎಲ್ಲಾ ಅದs ಐತಿ," ಎಂದು ನನ್ನನ್ನೂ ನೋಡಲು ಕರೆದರು. ಹಿಂದಿನ ಬೆಂಚಿನಲ್ಲಿ ಪ್ರಹ್ಲಾದರಾಯರು, ಅವರ ಪಕ್ಕದಲ್ಲಿ ನಾನು.

ಆಟ ಶುರುವಾಯಿತು. ಐದು ನಿಮಿಷದ ಸುತ್ತು. ಪರದೆಯ ಮೇಲೆ ಎತ್ತು ಬಂತು, ಕೆಳಗೆ ಗಡಿಯಾರ ಓಡತೊಡಗಿತು. ಒಂದು ನಿಮಿಷ ಕಳೆಯಿತು. ಪರದೆ ಖಾಲಿ. ಎರಡು ನಿಮಿಷ. ಖಾಲಿ. ಕ್ಲಾಸಿನಲ್ಲಿ ಪಿಸುಮಾತು ಬಿಟ್ಟರೆ ಸದ್ದಿಲ್ಲ. ನಿಷತ ಮೇಡಂ ಪರದೆಯಿಂದ ಬಾಗಿಲಿಗೆ, ಬಾಗಿಲಿಂದ ಪರದೆಗೆ ನಡೆಯುತ್ತ, "ಹಾಕ್ರಿ, ಬೆಲಿ ಹಾಕ್ರಿ," ಎನ್ನುತ್ತಿದ್ದರು. ನೆಟ್‌ವರ್ಕ್ ಹೋಯಿತೇನೋ ಎಂದು ವೈಫೈ ಡಬ್ಬಿಯನ್ನೊಮ್ಮೆ ತಟ್ಟಿದರು. ಪ್ರಹ್ಲಾದರಾಯರು ಕೈಗಡಿಯಾರ ನೋಡಿಕೊಂಡರು.

ನಾನು ಹಿಂದೆ ಕುಳಿತಿದ್ದರಿಂದ ನನಗೆ ಬೆಂಚಿನ ಕೆಳಗೆ ಕಾಣುತ್ತಿತ್ತು. ದನದ ಸಂತೆಯ ದಲಾಲಿ ಜಾಹಿದನ ಮಗ ಸಲ್ಮಾನ ತನ್ನ ಕರವಸ್ತ್ರ ಬಿಚ್ಚಿ ಪಕ್ಕದವನ ಕೈಯ ಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿಯುತ್ತಿದ್ದ. ಆ ಕಡೆ ಹುಡುಗಿಯರ ಬೆಂಚುಗಳಲ್ಲಿ ಓಢಣಿಯ ಕೆಳಗೆ ಅದೇ ಕೆಲಸ. ನಮ್ಮ ಕಡೆ ಎತ್ತಿನ ಬೆಲೆ ಯಾರೂ ಬಾಯಲ್ಲಿ ಹೇಳುವುದಿಲ್ಲ. ವಸ್ತ್ರದ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು, ಒಂದು ಬೆರಳಿಗೆ ಹತ್ತರಂತೆ ಏರಿಸಿ ಇಳಿಸಿ ಮುಗಿಸುತ್ತಾರೆ. ಸುತ್ತ ನಿಂತ ನೂರು ಮಂದಿಗೆ ಬರೀ ಇಬ್ಬರ ಮುಖ ಕಾಣುತ್ತದೆ. ನಾನು ಸೋದರಮಾವನ ಜೊತೆ ಸಂತೆಗೆ ಹೋದವನು, ನೋಡಿದ ಕೂಡಲೇ ತಿಳಿಯಿತು. ನಿಷತ ಮೇಡಂ ದರ್ಜಿಯ ಮಗಳು. ದನದ ಸಂತೆಗೆ ಹೆಣ್ಣುಮಕ್ಕಳನ್ನು ಯಾರು ಕರೆದೊಯ್ಯುತ್ತಾರೆ? ಕೈ ಸನ್ನೆ ಮಾಡಿ ಆಕೆಗೆ ಹೇಳಬಹುದಿತ್ತು. ಪಕ್ಕದಲ್ಲಿ ರಾಯರಿದ್ದರು, ನಾನು ಸುಮ್ಮನಿದ್ದೆ.

ಕೊನೆಯ ಅರ್ಧ ನಿಮಿಷದಲ್ಲಿ ಇಪ್ಪತ್ತು ವ್ಯಾಪಾರಗಳೂ ಒಮ್ಮೆಲೇ ಬಿದ್ದವು. ಪರದೆಯ ಮೇಲೆ ಯಾರೋ ಹಿಡಿ ಜೋಳ ತೂರಿದಂತೆ ಚುಕ್ಕಿಗಳು. ಒಂದು ಎತ್ತು ಮೂವತ್ತಾರಕ್ಕೆ ಹೋಗಿತ್ತು, ಇನ್ನೊಂದು ಅರವತ್ನಾಲ್ಕಕ್ಕೆ. ಐವತ್ತರ ಗೆರೆಯ ಮೇಲೆ ಒಂದೂ ಇರಲಿಲ್ಲ.

ನಿಷತ ಮೇಡಂ ಮುಖ ಸಣ್ಣದಾಯಿತು. ಹೋದ ವಾರದ ಚೆಂದದ ಚಿತ್ರ ಆಕೆಯ ಮೊಬೈಲಿನಲ್ಲಿತ್ತು. ನಾನಾಗಿದ್ದರೆ ಅದನ್ನು ತೋರಿಸಿ ಪಾರಾಗುತ್ತಿದ್ದೆ. ಆಕೆ ಮೊಬೈಲನ್ನು ಮೇಜಿನ ಮೇಲೆ ಬೋರಲು ಇಟ್ಟು ಕೇಳಿದರು: "ಯಾಕ ಯಾರೂ ಬೆಲಿ ಹಾಕಲಿಲ್ಲ?"

ಸಲ್ಮಾನ ಎದ್ದು ನಿಂತ. "ಎತ್ತಿನ ಬೆಲಿ ನಾಕ ಮಂದಿ ಮುಂದ ಒದರಬಾರದ್ರಿ ಮೇಡಂ. ತೊಗರಿ ಆದ್ರ ನಡಿತಿತ್ತು. ಅದರಾಗ ಹಿರ್ಯಾರು ಬಂದು ಕುಂತಾರ."

ಅವನು ಮೇಡಂ ಮರ್ಯಾದೆ ಉಳಿಸಲೆಂದೇ ಹಾಗೆ ಮಾಡಿದ್ದ. ಹಿಂದೆ ಪ್ರಹ್ಲಾದರಾಯರು, "ಬರೋಬರಿ ಐತಿ," ಎಂದು ನಕ್ಕರು. ಆಕೆಯೂ ಒಂದು ಕ್ಷಣ ನಕ್ಕು, ತಟ್ಟನೆ ಹಲಗೆಯ ಕಡೆ ತಿರುಗಿದರು. ಇಪ್ಪತ್ತೂ ಬೆಲೆಗಳನ್ನು ಸೀಮೆಸುಣ್ಣದಿಂದ ಚುಕ್ಕಿ ಹಾಕಿದರು. ಅರವತ್ನಾಲ್ಕು ಕೊಟ್ಟವರು ಯಾರು ಎಂದು ಕೇಳಿದರೆ ಶ್ರೀವಾಣಿ ಎಂಬ ಹುಡುಗಿ ಎದ್ದಳು. ಸಣ್ಣ ಆಳು, ದೊಡ್ಡ ಸಿಟ್ಟು. ಅವಳ ಪಕ್ಕದವಳೇ ನಲವತ್ತಕ್ಕೆ ಕೊಂಡಿದ್ದಳು.

"ಯಾಕಷ್ಟು ತುಟ್ಟಿ ಕೊಂಡಿ?"

"ಬ್ಯಾರೆಯವರು ಎಷ್ಟಕ್ಕ ಮುಗಸ್ಯಾರಂತ ನನಗ ಗೊತ್ತಾಗಲಿಲ್ರಿ. ಗೊತ್ತಿದ್ರ ಕೊಡತಿರಲಿಲ್ಲ."

ಅಲ್ಲಿಂದ ಮುಂದಿನ ಇಪ್ಪತ್ತು ನಿಮಿಷ ನಾನು ನೋಡಿದ ಅತ್ಯಂತ ಒಳ್ಳೆಯ ಪಾಠ. ಆಕೆ ಬೆಂಚುಗಳ ನಡುವೆ ಓಡಾಡುತ್ತ, ಬೆಲೆ ಕಾಣದಿದ್ದರೆ ಒಂದೇ ವಸ್ತುವಿಗೆ ಇಪ್ಪತ್ತು ಬೆಲೆ ಯಾಕೆ ಹುಟ್ಟುತ್ತದೆ ಎಂದು ಮಕ್ಕಳ ಬಾಯಿಂದಲೇ ಹೊರಡಿಸಿದರು. ಹೀಗೆ ಬೆಲೆ ಮುಚ್ಚಿಡುವ ಬೇರೆ ಉದಾಹರಣೆ ಕೊಡಿ ಎಂದರು. ಬಂಗಾರದ ಅಂಗಡಿಯ ಮಜೂರಿ ಎಂದ ಒಬ್ಬ. ಟ್ಯೂಷನ್ ಫೀಸು ಎಂದಳು ಒಬ್ಬಳು. ಶ್ರೀವಾಣಿ ಇನ್ನೂ ನಿಂತೇ ಇದ್ದಳು.

"ಪಗಾರ್ರಿ ಮೇಡಂ. ನಮ್ಮಕ್ಕ ದವಾಖಾನ್ಯಾಗ ನರ್ಸ್ ಅದಾಳ. ಆಕಿಗೆ ಯಾರಿಗೂ ಹೇಳಬ್ಯಾಡ ಅಂತಾರ. ಒಬ್ಬೊಬ್ಬರಿಗೆ ಒಂದೊಂದು ಇರತೈತಂತ." ಆಮೇಲೆ ಯಾವ ಕಪಟವೂ ಇಲ್ಲದೆ ಕೇಳಿದಳು: "ನಿಮ್ಮದೂ ಹಂಗ ಏನ್ರಿ?"

ನಿಷತ ಮೇಡಂ ನಡೆಯುವುದನ್ನು ನಿಲ್ಲಿಸಿದರು. ಹಿಂದೆ ಕುಳಿತ ರಾಯರನ್ನೊಮ್ಮೆ ನೋಡಿದರು. ಹುದ್ದೆಯ ಆಸೆ, ಎಂಟು ತಿಂಗಳ ಗಡುವು, ತಾಯಿ, ಎಲ್ಲವೂ ಆ ನೋಟದಲ್ಲಿದ್ದವು. ಆದರೆ ಪ್ರಶ್ನೆ ಕೇಳಿದ ಹುಡುಗಿಗೆ ಸುಳ್ಳು ಹೇಳುವುದು ಆಕೆಗೆ ಬರುವುದಿಲ್ಲ.

"ನಂದು ಹನ್ನೊಂದು ಸಾವಿರ," ಎಂದು ಹಲಗೆಯ ಖಾಲಿ ಮೂಲೆಯಲ್ಲಿ ಒಂದು ಚುಕ್ಕಿ ಇಟ್ಟರು. "ಇನ್ನೊಂದು ಚುಕ್ಕಿ ಬೇಕು, ಇಲ್ಲಂದ್ರ ಹೋಲಿಸಾಕ ಬರೂದಿಲ್ಲ. ಖಲೀಲ ಸರ್, ನಿಮ್ಮದೆಷ್ಟ್ರಿ?"

ನಲವತ್ತು ತಲೆಗಳು ಹಿಂದೆ ತಿರುಗಿದವು. ಪಕ್ಕದಲ್ಲಿ ಪ್ರಹ್ಲಾದರಾಯರು ಅಲುಗಾಡಲಿಲ್ಲ. ಜೂನ್‌ನ ಕೋಣೆ, ಮುಚ್ಚಿದ ಬಾಗಿಲು, ನಮ್ಮಿಬ್ಬರ ನಡುವೆ ಎಂಬ ಮಾತು ನೆನಪಾದವು.

"ನಂದೂ ಅಷ್ಟs ರೀ," ಎಂದೆ.

ಆಕೆ ಎರಡನೆಯ ಚುಕ್ಕಿಯನ್ನು ಮೊದಲನೆಯದರ ಮೇಲೆಯೇ ಒತ್ತಿದರು. ಒಂದು ಗಳಿಗೆ ಅದನ್ನೇ ನೋಡಿ, ಡಸ್ಟರ್ ತೆಗೆದು ಒರೆಸಿಬಿಟ್ಟರು. "ಇಲ್ಲಿ ಎರಡೂ ಒಂದs ಅದಾವ. ಅಂದಮ್ಯಾಲ ಈ ಉದಾಹರಣಿ ಇಲ್ಲಿಗೆ ಹೊಂದೂದಿಲ್ಲ. ಕುಂದ್ರು ಶ್ರೀವಾಣಿ." ಆಮೇಲೆ ಹಿಂದಿನ ಬೆಂಚಿಗೆ ಕೈ ಮುಗಿದು, "ತಪ್ಪು ತಿಳೀಬ್ಯಾಡ್ರಿ ಸರ್," ಎಂದರು. ಶ್ರೀವಾಣಿ ಮುಖ ಊದಿಸಿಕೊಂಡು ಕುಳಿತಳು. ಪ್ರಹ್ಲಾದರಾಯರು ನನ್ನ ಕಡೆ ತಿರುಗಿ ಸಣ್ಣಗೆ ನಕ್ಕರು. ಚೀಟಿಯಲ್ಲಿ ಹದಿನಾರು ಬರೆದವರು ಅವರೇ. ಆ ನಗುವಿಗೆ ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮುಖದ ಮೇಲೆ ಉಗುಳಬೇಕೆನಿಸುತ್ತದೆ.

ಆ ಪಾಠವಾದ ಒಂಬತ್ತನೆಯ ದಿನ ಮಧ್ಯಾಹ್ನ ಆಕೆ ಪೇಢೆಯ ಪೊಟ್ಟಣ ಹಿಡಿದು ನನ್ನನ್ನು ವರಾಂಡಕ್ಕೆ ಕರೆದರು. ಹುದ್ದೆ ಸಿಕ್ಕಿತ್ತು. ರಾಯರು ಪಾಠವನ್ನು ಬಾಯಿತುಂಬ ಹೊಗಳಿದ್ದರು. ನನಗೆ ನಿಜವಾಗಿಯೂ ಸಂತೋಷವಾಯಿತು, ಎದೆ ಹಗುರಾಯಿತು. ನನ್ನ ಸುಳ್ಳಿನಿಂದ ಒಳ್ಳೆಯದೇ ಆಯಿತೆಂದು ಒಂದು ಇಡೀ ಪೇಢೆ ಬಾಯಿಗೆ ಹಾಕಿಕೊಂಡೆ.

"ನಿಮಗೊಂದು ಹೇಳ್ಬೇಕ್ರಿ ಸರ್," ಎಂದು ಆಕೆ ದನಿ ತಗ್ಗಿಸಿದರು. "ಹೇಳಬ್ಯಾಡಂದಾರ ಅವರು. ಆದ್ರ ನಿಮಗ ಮುಚ್ಚಿಟ್ರ ನನಗ ನಿದ್ದಿ ಬರೂದಿಲ್ಲ. ಹದಿನಾರು ಸಾವಿರ ಬರದು ತೋರಿಸಿದ್ರು."

ನನ್ನದೇ ಅಂಕಿ ಅದು.

"ಇಪ್ಪತ್ತೈದು ಕೇಳಬೇಕಂತ ಹೋಗಿದ್ದೆ. ದಾರಿತುಂಬ ಅದನ್ನs ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಕುಂತ ಮ್ಯಾಲ ನೆನಪಾತು, ಇಲ್ಲಿ ಎಲ್ಲಾರಿಗೂ ಹನ್ನೊಂದs ಐತಿ, ನಿಮಗೂ ಅಷ್ಟs. ಒಮ್ಮೆಲೇ ಐದು ಸಾವಿರ ಏರಿಸ್ಯಾರಂದ್ರ ಮತ್ತೇನು ಕೇಳೂದು? ಸಹಿ ಮಾಡಿ ಬಂದೆ. ಮೂರು ವರ್ಷ ಏರಿಸೂ ಹಂಗಿಲ್ಲಂತ ಬರಕೊಂಡಾರ, ಇರ್ಲಿ." ಆಮೇಲೆ ನೆಲ ನೋಡುತ್ತ ಹೇಳಿದರು: "ನೀವು ಇಲ್ಲಿ ನನಗಿಂತ ಮೂರು ವರ್ಷ ಮೊದಲು ಬಂದವರು. ನಿಮಗ ಹನ್ನೊಂದು, ನನಗ ಹದಿನಾರು. ನಿಮ್ಮ ಮಾರಿ ನೋಡಾಕ ನಾಚಿಕಿ ಆಗಾಕತ್ತೈತ್ರಿ. ನೀವೂ ಹೋಗಿ ಕೇಳ್ರಿ ಸರ್, ನಾನೂ ನಿಮ್ಮ ಜೋಡಿ ಬರ್ತೇನಿ."

ನಾನು ಏನು ಹೇಳಿದೆ? "ಚಲೋ ಆತ್ರಿ ಮೇಡಂ," ಎಂದೆ.

ಆಮೇಲಿನ ದಿನಗಳಲ್ಲಿ ಸ್ಟಾಫ್ ರೂಮಿನ ಹನ್ನೆರಡು ಹೆಜ್ಜೆ ಅಳೆದವನು ನಾನು. ಒಮ್ಮೆ, ಹುದ್ದೆ ಸಿಕ್ಕಿತಲ್ಲ, ಅದೇ ದೊಡ್ಡದು ಎಂದುಕೊಳ್ಳುತ್ತಿದ್ದೆ. ಇನ್ನೊಮ್ಮೆ ಆಕೆಯ ಮೇಲೆಯೇ ಸಿಟ್ಟು ಬರುತ್ತಿತ್ತು. ಕ್ಲಾಸಿನ ನಡುವೆ ನನ್ನನ್ನು ಯಾಕೆ ಕೇಳಬೇಕಿತ್ತು? ಮಕ್ಕಳಿಗೆ ಪುಸ್ತಕ ಓದಿ ಹೇಳಿದ್ದರೆ ಸಾಕಿತ್ತಲ್ಲ, ಈ ಆಟ, ಈ ಚುಕ್ಕಿ ಯಾರಿಗೆ ಬೇಕಿತ್ತು? ಹೀಗೆ ಬೈದುಕೊಂಡು ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ. ಹೆಂಡತಿ ಜೈತುನಬಿ ಡಾಕ್ಟರರ ಹತ್ತಿರ ಹೋಗೋಣ ಎಂದಳು. ಅವಳಿಗೆ ವಿಷಯ ಹೇಳಿದೆ. ಪೂರ್ತಿ ಕೇಳಿ, "ಡಾಕ್ಟರ್ ಬ್ಯಾಡ ಬಿಡ್ರಿ," ಎಂದಳು.

ಮುಂದಿನ ಭಾನುವಾರ ರೋಷನಬಿ ನನ್ನನ್ನು ಊಟಕ್ಕೆ ಕರೆದರು. ಹೋದರೆ ಆ ಟ್ರಂಕು ನಡುಮನೆಯಲ್ಲಿ ಬಾಯಿ ತೆರೆದು ಕುಳಿತಿತ್ತು. ಪಿಂಗಾಣಿ ತಾಟುಗಳು, ದಸ್ತಗೀರಸಾಬರ ಕತ್ತರಿ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಕನ್ನಡಿ. ಆ ತಾಟೊಂದರಲ್ಲೇ ನನಗೆ ಬಿರ್ಯಾನಿ ಬಡಿಸುತ್ತ ಮುದುಕಿ ಹೇಳಿದರು: "ಈ ಸಂಬಳದಾಗ ಮನಿ ಬಾಡಿಗಿ, ನನ್ನ ಗುಳಿಗಿ ಹೋಗಿ ಕೈಯಾಗ ಏನೂ ಉಳಿಯೂದಿಲ್ಲಪ್ಪಾ. ಆದ್ರೂ ಒಂದs ಕಡಿ ಇರ್ತೇವಿ."

ನಾನು ತಾಟು ನೋಡುತ್ತಲೇ ಹೇಳಿದೆ. "ನನ್ನ ಪಗಾರ ಹದಿನಾರು ಸಾವಿರ್ರಿ. ಮೊದಲಿಂದನೂ ಅಷ್ಟs. ಕಾಯಂ ಆದವರಿಗೆ ಇಪ್ಪತ್ತೆಂಟರಿಂದ ಶುರು. ನನಗ ಎಲ್ಲಾ ಗೊತ್ತಿತ್ತು. ನಿಮ್ಮ ಹನ್ನೊಂದೂ ಗೊತ್ತಿತ್ತು."

ರೋಷನಬಿ ನನ್ನ ತಾಟಿನತ್ತ ಚಾಚಿದ್ದ ಚಮಚವನ್ನು ಮೆಲ್ಲಗೆ ಪಾತ್ರೆಗೆ ವಾಪಸ್ ಇಟ್ಟರು. ನಿಷತ ಮೇಡಂ ತಮ್ಮ ತಾಟನ್ನು ಪಕ್ಕಕ್ಕೆ ಸರಿಸಿದರು. ಬೈಯಲಿ ಎಂದು ಕಾದೆ. ಮೂರು ವರ್ಷದ ಹಣದ ಲೆಕ್ಕ ಹಾಕಿ ಮುಖಕ್ಕೆ ಎಸೆಯಲಿ ಎಂದು ಕಾದೆ. ಲೆಕ್ಕ ನಾನೇ ಹಾಕಿದ್ದೆ: ತಿಂಗಳಿಗೆ ಹನ್ನೆರಡು ಸಾವಿರದಂತೆ ಮೂರು ವರ್ಷಕ್ಕೆ ನಾಲ್ಕು ಲಕ್ಷ ಮೂವತ್ತೆರಡು ಸಾವಿರ.

ಕೊನೆಗೆ ಆಕೆ ಹೇಳಿದ್ದು ಬೇರೆಯೇ. "ಶ್ರೀವಾಣಿ ಖರೆ ಹೇಳಿದ್ಲು. ಖರೆ ಉತ್ತರ ಕೊಟ್ಟ ಹುಡುಗಿಗೆ ನಾನು ಕುಂದ್ರು ಅಂದೆ." ದನಿ ಒಡೆದಿತ್ತು. "ನಾಲ್ವತ್ತು ಮಕ್ಕಳಿಗೆ ತಪ್ಪು ಕಲಿಸೇನಿ. ಈಗ ರಾಯರ ಕಡೆ ಹೋಗಿ ನಾ ಏನು ಮಾಡ್ತೇನಿ, ಅದು ನನ್ನ ಪಾಡು. ನಾಳೆ ಮೊದಲನೇ ತಾಸು ನಂದೈತಿ. ನೀವು ಬರ್ರಿ. ಬಂದು ಆಕಿಗೆ ಹೇಳ್ರಿ."

ಸೋಮವಾರ ಹೋದೆ. ನಿಷತ ಮೇಡಂ ಹಿಂದಿನ ಬೆಂಚಿಗೆ ಹೋಗಿ ಕುಳಿತರು. ನಾನು ಮಕ್ಕಳ ಮುಂದೆ ನಿಂತು, ಆವತ್ತು ನಾನು ಹೇಳಿದ್ದು ಸುಳ್ಳು, ನನಗೆ ಬರುವುದು ಹದಿನಾರು ಸಾವಿರ ಎಂದೆ. ಹಲಗೆಯ ಮೇಲೆ ಎರಡು ಚುಕ್ಕಿ ಹಾಕಿದೆ, ಒಂದು ಮೇಲೆ, ಒಂದು ಕೆಳಗೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಶ್ರೀವಾಣಿ ಎದ್ದು ನಿಂತಳು. "ಮತ್ತ ಅವತ್ತ ಯಾಕ ಅಷ್ಟs ಅಂದ್ರಿ ಸರ್?"

ಮರ್ಯಾದೆ, ಸಂಕೋಚ, ಸಂಸ್ಥೆ, ಹಿರಿಯರು ಎಂದು ಏನೇನೋ ತಡವರಿಸಿದೆ. ಹುಡುಗಿ ಪೆನ್ನು ಹಿಡಿದು ನಿಂತೇ ಇದ್ದಳು, ನಾನು ಹೇಳಿದ ಒಂದನ್ನೂ ಬರೆದುಕೊಳ್ಳಲಿಲ್ಲ. ಹಿಂದಿನ ಬೆಂಚಿನಿಂದ ನಿಷತ ಮೇಡಂ, ಸಿಟ್ಟೂ ಇಲ್ಲದೆ ಕರುಣೆಯೂ ಇಲ್ಲದೆ, "ಸರಿಯಾದ ಕಾರಣ ಹೇಳ್ರಿ ಸರ್. ಮಕ್ಕಳು ಬರಕೋಬೇಕು," ಎಂದರು.

"ಮುಚ್ಚಿಟ್ರ ನನಗ ಲಾಭ ಇತ್ತು," ಎಂದೆ.

ಶ್ರೀವಾಣಿ ಕುಳಿತು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.